ಬೇ ಏರಿಯಾಕ್ಕೆ ಹೊಸಬರೇ? ನಾಯಿಕೆಮ್ಮಿನ ಬಗ್ಗೆ ಇಷ್ಟು ತಿಳಿದಿರಲಿ

ಮಗುವನ್ನು ಇಲ್ಲಿನ, ಅಂದರೆ ಕ್ಯಾಲಿಫೋರ್ನಿಯಾದ, ಶಾಲೆಗೆ ಸೇರಿಸಲು ಹೋದರೆ ಅಂಕಪಟ್ಟಿಗಿಂತ ಮೊದಲು ಕೇಳುವುದು ಲಸಿಕೆಯ ದಾಖಲೆ. ತಾಯಿ ಕಾರ್ಡ್ ಊರಲ್ಲೇ ಉಳಿದಿದ್ದರೆ ಇವತ್ತೇ ಅದರ ಫೋಟೊ ತರಿಸಿಕೊಳ್ಳಿ. ತಾರೀಖು ಬರೆಯುವಾಗ ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ, ಇಲ್ಲಿ ತಿರುವುಮುರುವು. ತಿಂಗಳನ್ನು ಅಕ್ಷರದಲ್ಲಿ ಬರೆದುಕೊಡದಿದ್ದರೆ ಜುಲೈ 5 ಮೇ 7 ಆಗಿಬಿಡುತ್ತದೆ.

ನಾಯಿಕೆಮ್ಮಿನ ಲಸಿಕೆಯಲ್ಲಿ ನಮ್ಮವರು ಎಡವುವುದು ಎರಡು ಕಡೆ. ಊರಲ್ಲಿ 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್, 16–24 ತಿಂಗಳಿಗೆ ಡಿಪಿಟಿ ಬೂಸ್ಟರ್ ಹಾಕಿಸಿರುತ್ತೇವೆ (ಎರಡರಲ್ಲೂ ನಾಯಿಕೆಮ್ಮಿನ ಲಸಿಕೆ ಸೇರಿರುತ್ತದೆ). ಮುಂದಿನದು 5–6 ವರ್ಷಕ್ಕೆ. ಆ ಕೊನೆಯದನ್ನು ಹಾಕಿಸುವ ಮೊದಲೇ ವಿಮಾನ ಹತ್ತಿದ ಮಗುವಿಗೆ ಕಿಂಡರ್‌ಗಾರ್ಟನ್‌ಗೆ ಒಂದು ಡೋಸ್ ಕಡಿಮೆ ಬೀಳುತ್ತದೆ. ಇನ್ನೊಂದು ಏಳನೇ ತರಗತಿಯದು. ಅಲ್ಲಿ ಟಿಡ್ಯಾಪ್ (ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರಕ್ಕೂ ಒಂದೇ ಲಸಿಕೆ) ಕಡ್ಡಾಯ. ಭಾರತದಲ್ಲಿ ಸರ್ಕಾರ 10 ವರ್ಷಕ್ಕೆ ಕೊಡುವ ಟಿಡಿಯಲ್ಲಿ ನಾಯಿಕೆಮ್ಮಿನ ಭಾಗ ಇರುವುದಿಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಿರಿಕಿರಿ ಎನಿಸಬಹುದು, ಆದರೆ ಕಾರಣವಿದೆ: 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕೂ ಹೆಚ್ಚು ಜನರಿಗೆ ನಾಯಿಕೆಮ್ಮು ಬಂದು 10 ಹಸುಗೂಸುಗಳು ತೀರಿಕೊಂಡವು. ಮರುವರ್ಷದಿಂದ ಈ ನಿಯಮ ಬಂತು. ವಿಮೆ ಇಲ್ಲದ ಮಕ್ಕಳಿಗೆ ‘ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್’ ಯೋಜನೆಯಲ್ಲಿ ಲಸಿಕೆ ಉಚಿತ.

ಗುರುತಿಸುವುದು ಹೇಗೆ? ಮೊದಲ ಒಂದೆರಡು ವಾರ ಮಾಮೂಲಿ ನೆಗಡಿಯೇ. ಮೂಗು ಸೋರುತ್ತದೆ, ಸಣ್ಣ ಕೆಮ್ಮು, ಜ್ವರ ಬಂದರೂ ಅಷ್ಟಕ್ಕಷ್ಟೇ. ಆಮೇಲೆ ಕೆಮ್ಮು ಬಿಟ್ಟೂ ಬಿಡದೆ ಒತ್ತರಿಸಿಕೊಂಡು ಬರುತ್ತದೆ. ಉಸಿರೆಳೆಯಲೂ ಪುರುಸೊತ್ತಿಲ್ಲದೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಕೊನೆಗೆ ‘ಹೂಪ್’ ಎಂದು ಉಸಿರು ಒಳಗೆಳೆದುಕೊಳ್ಳುತ್ತದೆ. ಎಷ್ಟೋ ಸಲ ಉಂಡದ್ದೆಲ್ಲ ವಾಂತಿ. ರಾತ್ರಿ ಕಾಟ ಹೆಚ್ಚು. ಸ್ವಲ್ಪ ಹೊತ್ತಿಗೆ ಅದೇ ಮಗು ಏನೂ ಆಗದ ಹಾಗೆ ಆಟಕ್ಕೆ ಕೂತಿರುತ್ತದೆ, ಡಾಕ್ಟರ ಎದುರು ಒಂದು ಸಲವೂ ಕೆಮ್ಮುವುದಿಲ್ಲ. ಅದಕ್ಕೇ ಕೆಮ್ಮು ಬಂದಾಗ ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ದೊಡ್ಡವರಲ್ಲಿ, ಲಸಿಕೆ ಆದ ಮಕ್ಕಳಲ್ಲಿ ‘ಹೂಪ್’ ಇಲ್ಲದೆಯೂ ಇರಬಹುದು; ವಾರಗಟ್ಟಲೆ ಬಿಡದ ಕೆಮ್ಮಷ್ಟೇ.

ಹಸುಗೂಸುಗಳ ವಿಷಯವೇ ಬೇರೆ. ಅವು ಕೆಮ್ಮದೇ ಇರಬಹುದು. ನಡುವೆ ಉಸಿರು ನಿಂತರೆ, ತುಟಿ ನೀಲಿಗಟ್ಟಿದರೆ 911ಕ್ಕೆ ಕರೆ ಮಾಡಿ. ಕಾರು ತೆಗೆಯಲು ಹೋಗಬೇಡಿ.

ಅನುಮಾನ ಬಂದರೆ ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ ‘ವೂಪಿಂಗ್ ಕಾಫ್ ಇರಬಹುದು’ ಎನ್ನಿ. ಕಾಯುವ ಕೋಣೆಯಲ್ಲಿ ಬೇರೆ ಕೂಸುಗಳಿರುತ್ತವೆ. ಮೂಗಿನಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡುತ್ತಾರೆ. ಸಾಮಾನ್ಯವಾಗಿ ಅಜಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ 5 ದಿನ. ಅದು ಮುಗಿಯುವವರೆಗೆ ಶಾಲೆಯೂ ಬೇಡ, ರಾಜ್ಯೋತ್ಸವದ ಡ್ಯಾನ್ಸ್ ಪ್ರಾಕ್ಟೀಸೂ ಬೇಡ. ಜೊತೆಗಿರುವವರಿಗೂ ಮಾತ್ರೆ ಬೇಕಾಗಬಹುದು, ಕೇಳಿ. ತಡವಾಗಿ ಶುರುಮಾಡಿದ ಔಷಧಿ ಹರಡುವುದನ್ನು ತಡೆದೀತು, ಆದರೆ ಕೆಮ್ಮು ತನ್ನ ಪಾಡಿಗೆ ವಾರಗಟ್ಟಲೆ ಎಳೆಯುತ್ತದೆ. ಆ ದಿನಗಳಲ್ಲಿ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ನೀರು ಕುಡಿಸುತ್ತಿರಿ. ಅಂಗಡಿಯ ಕೆಮ್ಮಿನ ಸಿರಪ್ 4 ವರ್ಷದೊಳಗಿನವರಿಗೆ ಕೊಡಬೇಡಿ.

ಇನ್ನು ಬಾಣಂತನ. ಬಸುರಿಯರು ಪ್ರತಿ ಬಸುರಿನಲ್ಲೂ 27ರಿಂದ 36ನೇ ವಾರದೊಳಗೆ ಟಿಡ್ಯಾಪ್ ಹಾಕಿಸಿಕೊಂಡರೆ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ರಕ್ಷಣೆ ಸಿಗುತ್ತದೆ. ಊರಿಂದ ಬರುವ ಅಮ್ಮ, ಅತ್ತೆಯವರು ಕೂಸನ್ನು ಎತ್ತಿಕೊಳ್ಳುವ ಎರಡು ವಾರ ಮೊದಲಾದರೂ ಅದನ್ನು ಹಾಕಿಸಿಕೊಂಡಿರಬೇಕು. ಅಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ ಸಿಗುತ್ತದೆ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ದುಡ್ಡು ಕೊಡುವುದಿಲ್ಲವಾದ್ದರಿಂದ ಅಲ್ಲೇ ಮುಗಿಸಿ ಬರುವುದು ಜಾಣತನ. ಬಂದ ಮೇಲೆ ಹಿರಿಯರಿಗೆ ಮೂರು ಮಾತು ಮೆತ್ತಗೆ ಹೇಳಬೇಕಾಗುತ್ತದೆ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದು ಬೇಡ, ಬಾಟ್ಯುಲಿಸಂ ಎಂಬ ವಿಷಬಾಧೆಯ ಭಯವಿದೆ. ಆಮೇಲೆ ಅದೇ ಒಳ್ಳೆಯ ಮದ್ದು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕುವುದು ಬೇಡ, ಕರ್ಪೂರದಿಂದ ಮಕ್ಕಳಿಗೆ ಫಿಟ್ಸ್ ಬಂದದ್ದುಂಟು. ಸಾಂಬ್ರಾಣಿ ಹೊಗೆಯಂತೂ ಕೆಮ್ಮುವ ಕೂಸಿಗೆ ಬೇಡವೇ ಬೇಡ. (ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರ್ಮ್ ಕೂಡ ಈ ವಿಷಯದಲ್ಲಿ ನಮ್ಮ ಕಡೆಗೇ.)

ಎಲ್ಲ ಹಟಮಾರಿ ಕೆಮ್ಮೂ ನಾಯಿಕೆಮ್ಮಲ್ಲ. ವಸಂತದಲ್ಲಿ ಇಲ್ಲಿನ ಪರಾಗದಿಂದ ಅಲರ್ಜಿ, ಆಸ್ತಮಾ ಕಾಣಿಸಿಕೊಳ್ಳಬಹುದು. ಅಪ್ಪನಿಗೆ ಒಣಕೆಮ್ಮಿದ್ದರೆ ಬಿಪಿ ಮಾತ್ರೆಯ ಪಟ್ಟಿ ನೋಡಿ. ರಾಮಿಪ್ರಿಲ್, ಎನಲಾಪ್ರಿಲ್ ಕೆಲವರಿಗೆ ಕೆಮ್ಮು ತರಿಸುತ್ತವೆ. ನಾವೇ ನಿಲ್ಲಿಸಬಾರದು, ಡಾಕ್ಟರು ಬದಲಿಸಿಕೊಡುತ್ತಾರೆ. ಮೂರು ವಾರ ದಾಟಿದ ಕೆಮ್ಮಿನ ಜೊತೆ ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಟಿಬಿ ಪರೀಕ್ಷೆ ಕೇಳಿ. ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಿಗೆ ಚರ್ಮದ ಪರೀಕ್ಷೆ ತಪ್ಪು ತೋರಿಸಬಹುದು, ರಕ್ತದ ಪರೀಕ್ಷೆಯೇ ವಾಸಿ.

ಇಂಗ್ಲಿಷ್ ಬಾರದ ಹಿರಿಯರ ಜೊತೆ ಆಸ್ಪತ್ರೆಗೆ ಹೋದಾಗ ಫೋನಿನಲ್ಲಿ ದುಭಾಷಿ ಬೇಕೆಂದು ಕೇಳಿ, ದುಡ್ಡು ಕೊಡಬೇಕಿಲ್ಲ. ಹಿಂದಿಯವರನ್ನು ಕೊಡಲು ಬಂದರೆ ಕನ್ನಡದವರೇ ಬೇಕು ಎನ್ನಿ.