ಬಾಬೆಲಿನಲ್ಲಿದ್ದುಕೊಂಡು ಯೆರೂಸಲೇಮಿನ ಹೊತ್ತಿಗೆ ಬದುಕುವುದು: ನನ್ನ ಅನುಭವ

ನಾನು ದೇವರನ್ನು ಬಿಟ್ಟ ದಿನ ಅಂತ ಯಾವುದೂ ಇಲ್ಲ. ನನ್ನನ್ನು ಹೆದರಿಸಿದ್ದೇ ಅದು. ಭಾನುವಾರ ಚರ್ಚಿನ ಸಭೆಗೆ ಹೋಗುತ್ತಿದ್ದೆ, ಹಾಡುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ, ಯಾರಾದರೂ ಕಷ್ಟ ಹೇಳಿಕೊಂಡರೆ "ಪ್ರಾರ್ಥನೆ ಮಾಡ್ತೀನಿ" ಅನ್ನುತ್ತಿದ್ದೆ. ಮಾಡುತ್ತಿರಲಿಲ್ಲ.

ಒಂದು ಭಾನುವಾರ ಸಭೆಯ ಹಿರಿಯರೊಬ್ಬರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀನು ಪ್ರಾರ್ಥನೆ ಮಾಡಿದ್ದಕ್ಕೆ ನನ್ನ ಮಗ ಆಸ್ಪತ್ರೆಯಿಂದ ಮನೆಗೆ ಬಂದ ಕಣಮ್ಮ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಮಗನ ಹೆಸರೇ ನೆನಪಿರಲಿಲ್ಲ. ಒಂದು ತಿಂಗಳಲ್ಲಿ ಒಂದು ಸಲವೂ ಅವನಿಗಾಗಿ ಮೊಣಕಾಲೂರಿರಲಿಲ್ಲ. ಆದರೆ ಅದೇ ತಿಂಗಳಲ್ಲಿ ನಾನು ಮುಖ ಕಂಡಿರದ ಜನರ ಹೊಸ ಮನೆ, ಹೊಸ ಕಾರು, ಪ್ರವಾಸದ ಫೋಟೊ ಎಲ್ಲ ನೋಡಿದ್ದೆ, ಯಾರ ಮನೆಯ ಪರದೆ ಯಾವ ಬಣ್ಣ ಅನ್ನುವುದು ಕೂಡ ತಲೆಯಲ್ಲಿತ್ತು. ಮನೆಗೆ ಬಂದು ಫೋನಿನಲ್ಲಿ ಲೆಕ್ಕ ತೆಗೆದು ನೋಡಿದೆ. ದಿನಕ್ಕೆ ಸರಾಸರಿ 4 ಗಂಟೆ. ಪ್ರಾರ್ಥನೆಗೆ ಟೈಮ್ ಸಿಗ್ತಿಲ್ಲ ಅಂತ ಹೇಳುತ್ತಿದ್ದವಳು ನಾನೇ.

ಆಮೇಲೆ ಮೊದಲು ಮಾಡಿದ್ದು ತಪ್ಪು ಕೆಲಸ. ಅದನ್ನೂ ಹೇಳಬೇಕು, ಯಾಕೆಂದರೆ ಎಷ್ಟೋ ಜನ ಅಲ್ಲೇ ಎಡವುತ್ತಾರೆ. ಒಂದೇ ದಿನ ಎಲ್ಲ ಕಿತ್ತೆಸೆದೆ. ಟಿವಿ ಬಂದ್, ಫೋನಿನ ಆ್ಯಪ್‌ಗಳು ಬಂದ್, ಆಫೀಸಿನವರ ಜೊತೆ ಕೂತು ಮಾತಾಡುವುದು ಬಂದ್. ಗಂಡ ಕ್ರಿಕೆಟ್ ನೋಡುತ್ತಿದ್ದರೆ ಪಕ್ಕದಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದೆ. ಮಗಳಿಗೆ ಆಗ ಒಂಬತ್ತು ವರ್ಷ, ಅವಳು ಒಂದು ಹಾಡು ಗುನುಗಿದರೂ ಉಪದೇಶ ಶುರು. ಮೂರು ವಾರ ಹೀಗೆ ನಡೆಯಿತು. ಮನೆಯಲ್ಲಿ ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ನಾಲ್ಕನೇ ವಾರ ಎಲ್ಲವೂ ವಾಪಸ್ ಬಂತು, ಮೊದಲಿಗಿಂತ ಜಾಸ್ತಿಯೇ. ಕೆಟ್ಟದ್ದನ್ನು ಹೊರಗೆ ಹಾಕಿದ್ದೆ, ಆ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ.

ಆ ಸಮಯದಲ್ಲಿ ಸತ್ಯವೇದದ (ಬೈಬಲಿನ) ದಾನಿಯೇಲನ ಪುಸ್ತಕವನ್ನು ನಿಧಾನವಾಗಿ ಓದಲು ಕೂತೆ. ದಿನಕ್ಕೆ ನಾಲ್ಕೈದು ವಚನ, ಅಷ್ಟೇ. ಚಿಕ್ಕಂದಿನಿಂದ ನನಗೆ ದಾನಿಯೇಲ ಅಂದರೆ ಸಿಂಹದ ಗವಿ. ನಿಧಾನವಾಗಿ ಓದಿದಾಗ ಸಿಂಹಗಳಿಗಿಂತ ಬೇರೆ ಏನೇನೋ ಕಣ್ಣಿಗೆ ಬಿತ್ತು.

ಕ್ರಿ.ಪೂ. 605ರ ಸುಮಾರಿಗೆ ಬಾಬೆಲಿನ (ಬ್ಯಾಬಿಲೋನಿನ) ರಾಜ ನೆಬೂಕದ್ನೆಚ್ಚರ ದಾನಿಯೇಲನನ್ನೂ ಅವನ ಮೂವರು ಗೆಳೆಯರನ್ನೂ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆ ಒಯ್ದಾಗ ಅವನಿನ್ನೂ ಹುಡುಗ. ಅಲ್ಲಿ ಅವನು ಆ ನಾಡಿನ ಜನರಾದ ಕಸ್ದೀಯರ ಭಾಷೆ ಕಲಿತ, ಅವರ ಗ್ರಂಥಗಳನ್ನು ಮೂರು ವರ್ಷ ಓದಿದ. ಬೇಲ್ತೆಶಚ್ಚರ ಅಂತ ಹೊಸ ಹೆಸರಿಟ್ಟರು, ಆ ಹೆಸರಿನಲ್ಲಿ ಬಾಬೆಲಿನ ದೇವರ ಗುರುತೇ ಇತ್ತು. ಅದಕ್ಕೆ ಅವನು ಜಗಳ ಆಡಿದ ಅಂತ ಎಲ್ಲೂ ಬರೆದಿಲ್ಲ. ಅರಮನೆಯ ಕೆಲಸ ಮಾಡಿದ, ಚೆನ್ನಾಗಿ ಮಾಡಿದ. ಆದರೆ ರಾಜನ ಊಟ, ರಾಜನ ದ್ರಾಕ್ಷಾರಸದ ವಿಷಯ ಬಂದಾಗ ಮಾತ್ರ ಬೇಡ ಅಂದ. ಅಂದರೆ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಅವನಿಗೆ ಮೊದಲೇ ಮನಸ್ಸಿನಲ್ಲಿ ಸ್ಪಷ್ಟ ಇತ್ತು. ಎಲ್ಲ ಕಡೆಯೂ ಎಳೆಯಲಿಲ್ಲ, ಎಲ್ಲೂ ಎಳೆಯದೆ ಬಿಡಲೂ ಇಲ್ಲ.

ಇನ್ನೊಂದು, ಅವನು ಬೇಡ ಅಂದ ರೀತಿ. ಅರಮನೆಯ ಸೇವಕರಾದ ಕಂಚುಕಿಯರ ಮುಖ್ಯಸ್ಥನ ಹತ್ತಿರ ಹೋಗಿ ವಿನಂತಿ ಮಾಡಿದ. ಆ ಮನುಷ್ಯ ಹೆದರಿದ, ನಿಮ್ಮ ಮುಖ ಬಾಡಿದರೆ ರಾಜ ನನ್ನ ತಲೆ ತೆಗೆಯುತ್ತಾನೆ ಅಂದ. ದಾನಿಯೇಲ ಅದಕ್ಕೆ ಸಿಟ್ಟಾಗಲಿಲ್ಲ. ತಮ್ಮನ್ನು ನೋಡಿಕೊಳ್ಳುತ್ತಿದ್ದ ಮೇಲ್ವಿಚಾರಕನ ಹತ್ತಿರ ಹೋಗಿ, 10 ದಿನ ನಮಗೆ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಿಮಗೆ ಹೇಗೆ ಕಾಣುತ್ತದೋ ಹಾಗೆ ಮಾಡಿ ಅಂದ. ಎದುರಿಗಿರುವವನ ಭಯವನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಇದನ್ನು ಓದಿದ ದಿನ ನಾನು ಗಂಡನ ಹತ್ತಿರ ಕ್ಷಮೆ ಕೇಳಿದೆ.

ಕ್ಷಮೆ ಕೇಳಿ ನಾನೂ 10 ದಿನ ಕೇಳಿದೆ. "ಹತ್ತೇ ದಿನ ರೀ, ರಾತ್ರಿ ಒಂಬತ್ತರ ಮೇಲೆ ನಮ್ಮಿಬ್ಬರ ಫೋನೂ ಅಡುಗೆಮನೆಯ ಡ್ರಾಯರ್‌ನಲ್ಲಿರಲಿ. ಇಷ್ಟ ಆಗದಿದ್ದರೆ ಬಿಡೋಣ, ನಾನು ಒಂದು ಮಾತೂ ಆಡಲ್ಲ." ಅವರು ಒಪ್ಪಿದರು. ಮೊದಲ ಎರಡು ರಾತ್ರಿ ಇಬ್ಬರಿಗೂ ಕೈ ಖಾಲಿ ಖಾಲಿ. ಏನು ಮಾತಾಡಬೇಕು ಅಂತಲೂ ಗೊತ್ತಾಗಲಿಲ್ಲ. ಐದನೇ ರಾತ್ರಿ ಅವರು ತಮ್ಮ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳಿದರು, ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಹೇಳಿರದ ಮಾತುಗಳು. ಹತ್ತು ದಿನ ಮುಗಿದಿದ್ದು ಇಬ್ಬರಿಗೂ ಗಮನಕ್ಕೆ ಬರಲಿಲ್ಲ.

ಆದರೆ ನನ್ನ ಬದುಕನ್ನು ಹಿಡಿದು ತಿರುಗಿಸಿದ್ದು ಮುಂದಿನ ಅಧ್ಯಾಯಗಳ ಎರಡು ಚಿಕ್ಕ ಮಾತು.

ಒಂದು 6ನೇ ಅಧ್ಯಾಯದಲ್ಲಿದೆ. 30 ದಿನ ರಾಜನ ಹೊರತು ಯಾರಿಗೂ ಪ್ರಾರ್ಥಿಸಬಾರದು, ಪ್ರಾರ್ಥಿಸಿದವರನ್ನು ಸಿಂಹದ ಗವಿಗೆ ಹಾಕಬೇಕು ಅಂತ ಆಜ್ಞೆ ಬಂತು. ಇದು ಕ್ರಿ.ಪೂ. 539ರಲ್ಲಿ ಬಾಬೆಲ್ ಬಿದ್ದ ಮೇಲಿನ ಮಾತು, ಲೆಕ್ಕ ಹಾಕಿದರೆ ದಾನಿಯೇಲನಿಗೆ 80ರ ಆಸುಪಾಸು. ಅವನು ಮನೆಗೆ ಹೋಗಿ, ಯೆರೂಸಲೇಮಿನ ಕಡೆಗೆ ಕಿಟಕಿ ತೆರೆದಿದ್ದ ಮಹಡಿಯ ಕೋಣೆಯಲ್ಲಿ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದ, ಸ್ತೋತ್ರ ಮಾಡಿದ. ಅದಾದ ಮೇಲೆ ಒಂದು ಮಾತು ಬರುತ್ತದೆ: ಯಾವಾಗಲೂ ಮಾಡುತ್ತಿದ್ದ ಹಾಗೆಯೇ. ಆ ದಿನಕ್ಕೆ ಅಂತ ಅವನು ಹೊಸ ಧೈರ್ಯ ಹುಡುಕಲಿಲ್ಲ. ಹಿಂದಿನ ದಿನ ಮಾಡಿದ್ದನ್ನು ಇವತ್ತೂ ಮಾಡಿದ, ಅಷ್ಟೇ. ಸಿಂಹದ ಗವಿಗೆ ಬೇಕಾದ ಧೈರ್ಯ ಆ ಕಿಟಕಿಯ ಮುಂದೆ, ಯಾರೂ ನೋಡದ ಸಾವಿರಾರು ಸಾಧಾರಣ ದಿನಗಳಲ್ಲಿ ಕೂಡಿಬಂದಿತ್ತು.

ಕಿಟಕಿ ಯಾಕೆ ಆ ಕಡೆಗೇ ಅಂದರೆ, ಹಿಂದೆ ರಾಜ ಸೊಲೊಮೋನನು ಯೆರೂಸಲೇಮಿನ ದೇವಾಲಯದ ಪ್ರತಿಷ್ಠೆಯ ದಿನ, ನಿನ್ನ ಜನ ಸೆರೆಹೋದ ದೇಶದಿಂದ ಈ ಊರಿನ ಕಡೆಗೆ ತಿರುಗಿ ಪ್ರಾರ್ಥಿಸಿದರೆ ಕೇಳು ಅಂತ ಬೇಡಿಕೊಂಡಿದ್ದ. ಆದರೆ ದಾನಿಯೇಲ ಮೊಣಕಾಲೂರಿದಾಗ ಆ ದೇವಾಲಯ ಇರಲಿಲ್ಲ. ಕ್ರಿ.ಪೂ. 586ರಲ್ಲೇ ಅದನ್ನು ಸುಟ್ಟುಹಾಕಿದ್ದರು. ಅವನು ಬೂದಿಯ ಕಡೆಗೆ ಮುಖ ಮಾಡಿ ಪ್ರಾರ್ಥಿಸುತ್ತಿದ್ದ.

ಎರಡನೆಯದು 9ನೇ ಅಧ್ಯಾಯದಲ್ಲಿದೆ, ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ದೇವದೂತ ಗಬ್ರಿಯೇಲ ತನ್ನ ಹತ್ತಿರ ಯಾವಾಗ ಬಂದ ಅಂತ ದಾನಿಯೇಲ ಹೇಳುತ್ತಾನೆ: ಸಂಜೆಯ ನೈವೇದ್ಯದ ಹೊತ್ತಿಗೆ. ಯಾವ ನೈವೇದ್ಯ? ದೇವಾಲಯ ಹೋಗಿ ಹತ್ತಿರ ಹತ್ತಿರ 50 ವರ್ಷ ಆಗಿತ್ತು, ಅಲ್ವಾ? ಬಾಬೆಲಿನಲ್ಲಿ ಹೊತ್ತು ಹೇಳಲು ಬೇರೆ ಎಷ್ಟೋ ದಾರಿ ಇದ್ದವು. ಆದರೆ ಈ ಮನುಷ್ಯ ಆರು ದಶಕ ಅನ್ಯರ ಅರಮನೆಯಲ್ಲಿ ದುಡಿದರೂ ಅವನ ಒಳಗಿನ ಗಡಿಯಾರ ಯೆರೂಸಲೇಮಿನದೇ. ನಾನು ನನ್ನನ್ನೇ ಕೇಳಿಕೊಂಡೆ, ನನ್ನ ದಿನ ಯಾರ ಹೊತ್ತಿನ ಪ್ರಕಾರ ನಡೆಯುತ್ತಿದೆ? ಎದ್ದ ಕೂಡಲೇ ಏನು, ಮಲಗುವ ಮೊದಲು ಏನು, ನಡುವೆ ಎರಡು ನಿಮಿಷ ಬಿಡುವು ಸಿಕ್ಕರೆ ಕೈ ಎಲ್ಲಿಗೆ ಹೋಗುತ್ತದೆ? ಉತ್ತರ ಮೂರಕ್ಕೂ ಒಂದೇ.

ಆಗ ಶುರು ಮಾಡಿದ್ದು ಮೂರು ಹೊತ್ತು. ಸತ್ಯವೇದದ ಕೀರ್ತನೆ 55ರಲ್ಲೂ ಸಂಜೆ, ಮುಂಜಾನೆ, ಮಧ್ಯಾಹ್ನ ಅಂತ ಇದೆ, ಹಾಗಾಗಿ ಇದು ನನ್ನ ಸ್ವಂತ ಕಂಡುಹಿಡಿಕೆ ಏನಲ್ಲ.

ಬೆಳಗಿನದು ಸುಲಭ ಅಂದುಕೊಂಡಿದ್ದೆ, ಆಗಲಿಲ್ಲ. ಅಲಾರಂ ಫೋನಿನಲ್ಲೇ ಇದ್ದರೆ ಅದನ್ನು ನಿಲ್ಲಿಸಲು ಕೈಗೆತ್ತಿಕೊಳ್ಳಬೇಕು, ಎತ್ತಿಕೊಂಡರೆ ಮುಗಿಯಿತು. ಬರೀ ಗಂಟೆ ಹೊಡೆಯುವ ಒಂದು ಸಣ್ಣ ಗಡಿಯಾರ ತಂದ ಮೇಲೆ ದಾರಿಗೆ ಬಂತು. ಕಾಗದದ ಸತ್ಯವೇದವನ್ನೇ ಓದುತ್ತೇನೆ. ಫೋನಿನಲ್ಲಿ ವಾಕ್ಯ ಓದುವುದು ತಪ್ಪಲ್ಲ, ನನಗೆ ಆಗುವುದಿಲ್ಲ ಅಷ್ಟೇ.

ಮಧ್ಯಾಹ್ನದ್ದೇ ಕಷ್ಟ. ಆಫೀಸಿನಲ್ಲಿ ಎಲ್ಲರೂ ಲಿಫ್ಟ್ ಬಳಸುತ್ತಾರೆ, ಮೆಟ್ಟಿಲ ದಾರಿ ಖಾಲಿ. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಮೆಟ್ಟಿಲು ತಿರುಗುವ ಕಡೆ ಒಂದು ಸಣ್ಣ ಕಿಟಕಿ ಇದೆ. ಅದರಾಚೆ ಪಕ್ಕದ ಕಟ್ಟಡದ ಗೋಡೆ, ಒಂದು ನೀರಿನ ಪೈಪು, ಬೇರೇನೂ ಕಾಣುವುದಿಲ್ಲ. ಅಲ್ಲಿ ನಿಂತು ಏಳೆಂಟು ನಿಮಿಷ. ಒಂದು ಕೀರ್ತನೆ, ಆಮೇಲೆ ಒಂದು ಸಣ್ಣ ನೋಟ್‌ಬುಕ್. ಅದರಲ್ಲಿ ಪ್ರಾರ್ಥನೆ ಕೇಳಿದವರ ಹೆಸರು, ಕೇಳಿದ ತಾರೀಖು. ಮೊದಲ ಸಾಲಿನಲ್ಲಿರುವುದು ಆ ಹಿರಿಯರ ಮಗನ ಹೆಸರು, ಅವರ ಮನೆಗೆ ಹೋಗಿ, ನಾನು ಪ್ರಾರ್ಥಿಸಿರಲಿಲ್ಲ ಅಂತ ಒಪ್ಪಿಕೊಂಡು, ಕೇಳಿ ಬರೆದುಕೊಂಡಿದ್ದು. ಅವರು ಒಂದು ಕ್ಷಣ ಸುಮ್ಮನಿದ್ದು, "ಇನ್ನು ಮುಂದೆ ಮಾಡು ಮಗಳೇ" ಅಂದರು.

ಮೊದಲ ಎರಡು ತಿಂಗಳು ನನಗೆ ಏನೂ ಅನಿಸಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸಾಕ್ಷಿ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ. ಕಣ್ಣೀರಿಲ್ಲ, ಸಮಾಧಾನ ಇಲ್ಲ, ದೇವರು ಹತ್ತಿರ ಇದ್ದಾರೆ ಅನ್ನುವ ಅನುಭವವೂ ಇಲ್ಲ. ಗೋಡೆ, ಪೈಪು, ನನ್ನ ಒಣ ಮಾತು. ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು, ದಾನಿಯೇಲನ ಕಿಟಕಿಯ ಆಚೆಯೂ ಏನೂ ಇರಲಿಲ್ಲ ಅನ್ನುವ ನೆನಪು. ಯಾವಾಗ ಬದಲಾಯಿತು ಅಂತ ತಾರೀಖು ಹೇಳಲಾರೆ. ಒಂದು ದಿನ ಕೆಲಸದ ಜಂಜಾಟದ ಮಧ್ಯೆ ಮನಸ್ಸು ತಾನಾಗಿ ಆ ಮೆಟ್ಟಿಲ ಕಡೆ ಎಳೆಯಿತು, ಬಾಯಾರಿಕೆಯಾದಾಗ ನೀರಿನ ಕಡೆ ಎಳೆಯುವ ಹಾಗೆ.

ಗೆರೆಯ ವಿಷಯಕ್ಕೆ ಬರುತ್ತೇನೆ. ನನ್ನದು ಲೆಕ್ಕಪತ್ರದ ಕೆಲಸ. ಒಮ್ಮೆ ಮೇಲಿನವರು ಒಂದು ಕಾಗದಕ್ಕೆ ಹಿಂದಿನ ತಿಂಗಳ ತಾರೀಖು ಹಾಕಲು ಹೇಳಿದರು. ಎಲ್ಲರೂ ಮಾಡುವುದೇ. ಹಿಂದೆ ನಾನೂ ಮಾಡಿದ್ದೆ. ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಂತಾಗ ಬಾಯಲ್ಲಿ ಕೀರ್ತನೆಯೇ ಹೊರಡಲಿಲ್ಲ. ವಾಪಸ್ ಹೋಗಿ, "ಸರ್, ಎರಡು ದಿನ ಕೊಡಿ, ಇವತ್ತಿನ ತಾರೀಖಿನಲ್ಲೇ ಸರಿಯಾಗಿ ಮಾಡಿಕೊಡುವ ದಾರಿ ಹುಡುಕುತ್ತೇನೆ, ತಡವಾಗಿದ್ದಕ್ಕೆ ವಿವರಣೆ ನಾನೇ ಬರೆಯುತ್ತೇನೆ" ಅಂದೆ. ಕೈ ನಡುಗುತ್ತಿತ್ತು. ಆ ಸಲ ದಾರಿ ಸಿಕ್ಕಿತು. ಇನ್ನೊಂದು ಸಲ ಸಿಗಲಿಲ್ಲ, ಆಗಲ್ಲ ಅಂತಲೇ ಹೇಳಬೇಕಾಯಿತು, ಆ ಕೆಲಸವನ್ನು ಬೇರೆಯವರಿಗೆ ಕೊಟ್ಟರು, ಆ ವರ್ಷದ ಬಡ್ತಿಯೂ ಅವರಿಗೇ ಹೋಯಿತು. ಬೇಜಾರಾಯಿತು, ತುಂಬಾ. ಅದೇ ಪುಸ್ತಕದಲ್ಲಿ ಉರಿಯುವ ಕುಲುಮೆಯ ಮುಂದೆ ನಿಂತ ದಾನಿಯೇಲನ ಗೆಳೆಯರಾದ ಶದ್ರಕ್, ಮೇಶಕ್, ಅಬೇದ್‌ನೆಗೋ ರಾಜನಿಗೆ ಹೇಳಿದ್ದು, ನಮ್ಮ ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಿನ್ನ ಬಂಗಾರದ ಪ್ರತಿಮೆಗೆ ಅಡ್ಡಬೀಳುವುದಿಲ್ಲ ಅಂತ. ಆ "ಬಿಡಿಸದಿದ್ದರೂ" ಅನ್ನುವ ಪದವನ್ನು ನೋಟ್‌ಬುಕ್ಕಿನ ಒಳಪುಟದಲ್ಲಿ ಬರೆದುಕೊಂಡಿದ್ದೇನೆ.

ಕೆಲವರು ನನಗೆ, ಈ ಲೋಕದ ಸಹವಾಸವೇ ಬೇಡ, ದೂರ ಇದ್ದುಬಿಡು ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅದೇ ಬಾಬೆಲಿಗೆ ಪ್ರವಾದಿ ಯೆರೆಮೀಯ ಕಾಗದ ಬರೆದಾಗ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಅಂತ ಬರೆದ, 70 ವರ್ಷ ಅಲ್ಲಿರಬೇಕು ಅಂತಲೂ ಹೇಳಿದ. ಈಗ ನಾನು ಆಫೀಸಿನವರ ಜೊತೆ ಮತ್ತೆ ಕೂರುತ್ತೇನೆ, ನಗುತ್ತೇನೆ. ಯಾರದೋ ಬೆನ್ನ ಹಿಂದೆ ಮಾತು ಶುರುವಾದರೆ ಎದ್ದು ಬರುತ್ತೇನೆ, ಯಾರಿಗೂ ಬುದ್ಧಿ ಹೇಳುವುದಿಲ್ಲ. ಗಂಡನ ಜೊತೆ ಕ್ರಿಕೆಟ್ ನೋಡುತ್ತೇನೆ. ಫೋನಿನಲ್ಲಿ ಯಾರ ಫೋಟೊ ನೋಡಿದರೆ ನನಗೆ ಹೊಟ್ಟೆಯುರಿ ಬರುತ್ತದೋ ಅವರನ್ನು ಮಾತ್ರ ನೋಡುವುದು ಬಿಟ್ಟಿದ್ದೇನೆ. ತಪ್ಪು ಅವರದಲ್ಲ, ನನ್ನ ಮನಸ್ಸಿನದು.

ರಾತ್ರಿಯ ಹೊತ್ತು ಮಗಳ ಜೊತೆ. ಎರಡು ನಿಮಿಷ, ಕೆಲವೊಮ್ಮೆ ಅವಳು ಅರ್ಧ ನಿದ್ದೆಯಲ್ಲಿರುತ್ತಾಳೆ. ಹೋದ ವಾರ ನನಗೆ ಜ್ವರ, ಬೇಗ ಮಲಗಿಬಿಟ್ಟೆ. ಎಚ್ಚರವಾದಾಗ ಬಾಗಿಲ ಹತ್ತಿರ ಅವಳು ನಿಂತಿದ್ದಳು, ಕೈಯಲ್ಲಿ ನನ್ನ ನೋಟ್‌ಬುಕ್. "ಅಮ್ಮಾ, ಇವತ್ತು ನಾನೇ ಓದಲಾ ಹೆಸರು?" ಅಂದಳು. ಹಾಸಿಗೆಯ ಅಂಚಿನಲ್ಲಿ ಕೂತು ಒಂದೊಂದೇ ಹೆಸರನ್ನು ಬೆರಳಿಟ್ಟು ಓದಿದಳು. ಕೊನೆಯಲ್ಲಿ ಪೆನ್ಸಿಲ್ ಹುಡುಕಿ ತಂದು, ನನ್ನ ಹೆಸರನ್ನೂ ಸೇರಿಸಿದಳು, ಪಕ್ಕದಲ್ಲಿ ತಾರೀಖು ಹಾಕಿ.