4ಜಿ ಮೋಡೆಮ್‌ನಿಂದ ಬೈಟ್ ಸೋರದಂತೆ: ನನ್ನ ಅನುಭವ

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ನೀರಿನ ಮೀಟರ್, ಪೀಣ್ಯದ ಶೆಡ್‌ನ ಪ್ಯಾನೆಲ್, ಎಲ್ಲಕ್ಕೂ ನಾನು ಹಾಕುವುದು ಇಎಸ್‌ಪಿ32 ಮೈಕ್ರೊಕಂಟ್ರೋಲರ್ ಮತ್ತು ಕ್ವೆಕ್ಟೆಲ್ ಇಸಿ200ಯು 4ಜಿ ಮೋಡೆಮ್ ಜೋಡಿ. ಚಿಕ್ಕ ರೀಡಿಂಗ್ ಕಳಿಸಲು ಟಿಎಕ್ಸ್ (ಕಳಿಸಲು), ಆರ್‌ಎಕ್ಸ್ (ಪಡೆಯಲು), ಗ್ರೌಂಡ್ ಮೂರೇ ವೈರ್ ಸಾಕು. ಅದೇ ಮೋಡೆಮ್‌ನಿಂದ ಹೊಸ ಫರ್ಮ್‌ವೇರ್ (ಇಎಸ್‌ಪಿ32 ಒಳಗೆ ಓಡುವ ಪ್ರೋಗ್ರಾಮ್) ಇಳಿಸಲು ಹೊರಟರೆ ಬೈಟ್ ಕಳೆದುಹೋಗತೊಡಗುತ್ತವೆ.

115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಒಂದು ಬೈಟ್‌ಗೆ 10 ಬಿಟ್, ಅಂದರೆ ಸೆಕೆಂಡಿಗೆ 11520 ಬೈಟ್. ಇಎಸ್‌ಪಿ32ರ ಯುಎಆರ್‌ಟಿ (ಸೀರಿಯಲ್ ಪೋರ್ಟ್) ಒಳಗೆ ಬಂದ ಬೈಟ್‌ಗಳು ಮೊದಲು ಬೀಳುವ ಪುಟ್ಟ ಬಫರ್, ಅಂದರೆ ಫಿಫೊ, 128 ಬೈಟ್; ಖಾಲಿ ಮಾಡುವವರಿಲ್ಲದಿದ್ದರೆ 11 ಮಿಲಿಸೆಕೆಂಡಿಗೆ ತುಂಬುತ್ತದೆ. ಫರ್ಮ್‌ವೇರ್ ಬರೆಯುವ ಫ್ಲ್ಯಾಶ್ ಮೆಮೊರಿಯ 4 ಕೆಬಿ ಸೆಕ್ಟರ್ ಅಳಿಸಲು ಹತ್ತಾರು ಮಿಲಿಸೆಕೆಂಡು ಬೇಕು, ಅಷ್ಟು ಹೊತ್ತೂ ಯುಎಆರ್‌ಟಿ ಇಂಟರಪ್ಟ್ (ಫಿಫೊದಿಂದ ಬೈಟ್ ಎತ್ತಿ ಸಾಫ್ಟ್‌ವೇರ್ ಬಫರಿಗೆ ಹಾಕುವ ಕೋಡ್) ಓಡುವುದಿಲ್ಲ. 45 ಮಿಲಿಸೆಕೆಂಡಿಗೆ 500ಕ್ಕೂ ಹೆಚ್ಚು ಬೈಟ್ ಬರುತ್ತವೆ, 128 ಉಳಿಯುತ್ತವೆ. ಎಲ್ಲರೂ ಮೊದಲು ಮಾಡುವುದು ಸಾಫ್ಟ್‌ವೇರ್ ಬಫರ್ ಹಿಗ್ಗಿಸುವುದು. ಮೇಲಿನ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ಮೋಟರ್ ಆಫ್ ಆಗಿದ್ದರೆ ಸಂಪು ಉಕ್ಕುತ್ತದೆ ತಾನೇ? ಇಲ್ಲೂ ಅಷ್ಟೇ. ಯುಎಆರ್‌ಟಿ ಇಂಟರಪ್ಟನ್ನು ಫ್ಲ್ಯಾಶ್ ಬದಲು ಚಿಪ್ ಒಳಗಿನ ಐರ್ಯಾಮ್ ಮೆಮೊರಿಗೆ ಹಾಕುವ ಆಯ್ಕೆ ಇದೆ, ಆದರೆ ನಾನು ನಂಬುವುದು ‘ನಿಲ್ಲಿಸು’, ‘ಕಳಿಸು’ ಎಂದು ಎರಡೂ ಕಡೆ ಪರಸ್ಪರ ಹೇಳಿಕೊಳ್ಳುವ ಆರ್‌ಟಿಎಸ್, ಸಿಟಿಎಸ್ ವೈರ್‌ಗಳನ್ನು.

ಮೋಡೆಮ್ ಪಿನ್‌ಗಳು 1.8 ವೋಲ್ಟ್, ಇಎಸ್‌ಪಿ32 3.3 ವೋಲ್ಟ್. ಈಗ ನಾಲ್ಕು ಸಿಗ್ನಲ್ ವೈರ್ ಇರುವುದರಿಂದ ಎರಡೇ ಚಾನೆಲ್‌ನ ಲೆವೆಲ್ ಶಿಫ್ಟರ್ (ವೋಲ್ಟೇಜ್ ಹೊಂದಿಸುವ ಬೋರ್ಡ್) ತಂದರೆ ಕೈ ಕಟ್ಟಿದಂತೆ; ಎಸ್‌ಪಿ ರೋಡಿಗೆ ಹೋದಾಗ ಟಿಎಕ್ಸ್‌ಎಸ್0108ಇ ಬೋರ್ಡನ್ನೇ ಕೇಳಿ ತನ್ನಿ, ಎಂಟು ಚಾನೆಲ್ ಇರುತ್ತವೆ. ಎಡವುವುದು ಹೆಚ್ಚಾಗಿ ವೈರಿಂಗ್‌ನಲ್ಲಿ: ಟಿಎಕ್ಸ್ ಆರ್‌ಎಕ್ಸ್ ಅಡ್ಡ ಹಾಕಬೇಕು, ಆದರೆ ಈ ಮಾಡ್ಯೂಲ್‌ನ ಆರ್‌ಟಿಎಸ್ ಇನ್‌ಪುಟ್, ಸಿಟಿಎಸ್ ಔಟ್‌ಪುಟ್. ಹಾಗಾಗಿ ಅವೆರಡೂ ನೇರ, ಆರ್‌ಟಿಎಸ್‌ಗೆ ಆರ್‌ಟಿಎಸ್, ಸಿಟಿಎಸ್‌ಗೆ ಸಿಟಿಎಸ್.

ಮೋಡೆಮ್‌ಗೆ ಪ್ರತಿ ಬೂಟ್‌ನಲ್ಲೂ ಎಟಿ+ಐಎಫ್‌ಸಿ=2,2 (ಎರಡೂ ದಿಕ್ಕಿಗೆ ಈ ವೈರ್‌ಗಳನ್ನೇ ಬಳಸು ಎಂಬ ಆದೇಶ) ಕಳಿಸಿ, ಎಟಿ+ಐಎಫ್‌ಸಿ? ಎಂದು ಕೇಳಿ ಖಚಿತಪಡಿಸಿಕೊಳ್ಳುತ್ತೇನೆ. ವೈರ್ ಬದಲು ಡೇಟಾದೊಳಗಿನ ಬೈಟ್‌ಗಳಿಂದಲೇ ತಡೆಯುವ ಎಕ್ಸ್‌ಆನ್, ಎಕ್ಸ್‌ಆಫ್ ವಿಧಾನ ಬೇಡವೇ ಬೇಡ. ಅದು 17 ಮತ್ತು 19 ಬೆಲೆಯ ಬೈಟ್‌ಗಳನ್ನು ಹೋಗು, ನಿಲ್ಲು ಎಂದು ಓದುತ್ತದೆ, ಫರ್ಮ್‌ವೇರ್ ಫೈಲ್ ತುಂಬ ಅವೇ ಇರುತ್ತವೆ. ಫಿಫೊದಲ್ಲಿ ಎಷ್ಟು ಬೈಟ್ ತುಂಬಿದಾಗ ಇಎಸ್‌ಪಿ32 ಆರ್‌ಟಿಎಸ್ ಎತ್ತಿ ‘ನಿಲ್ಲಿಸು’ ಎನ್ನಬೇಕು ಎಂಬ ಮಿತಿ ಉದಾಹರಣೆ ಕೋಡ್‌ಗಳಲ್ಲಿ 122 ಇರುತ್ತದೆ. ಉಳಿಯುವುದು ಆರೇ ಬೈಟ್ ಜಾಗ, ಅಂದರೆ ಅರ್ಧ ಮಿಲಿಸೆಕೆಂಡು. ನಿಲ್ಲಿಸು ಎಂದ ಮೇಲೂ ಮೋಡೆಮ್ ಕೆಲವು ಬೈಟ್ ತಳ್ಳಬಹುದು, ಅದಕ್ಕೆ ನಾನು 96 ಇಡುತ್ತೇನೆ.

ಇಷ್ಟಾದ ಮೇಲೂ ಡೇಟಾ ತಾನಾಗಿ ನುಗ್ಗಿ ಬರಲು ಬಿಡುವುದಿಲ್ಲ. ಸರ್ವರ್‌ಗೆ ಸಂಪರ್ಕ ತೆರೆಯುವ ಎಟಿ+ಕ್ಯೂಐಓಪನ್‌ನಲ್ಲಿ ಬಫರ್ ಮೋಡ್ ಅಂದರೆ 0 ಆರಿಸಿದರೆ ಬಂದದ್ದು ಮೋಡೆಮ್ ಒಳಗೇ ಕೂತಿರುತ್ತದೆ. ಎಟಿ+ಕ್ಯೂಐಆರ್‌ಡಿ=0,1500 ಎಂದು ಒಮ್ಮೆಗೆ 1500 ಬೈಟ್‌ವರೆಗೆ ಎಳೆದುಕೊಂಡು, ಫ್ಲ್ಯಾಶ್‌ಗೆ ಬರೆದು, ಆಮೇಲೆ ಮುಂದಿನ ತುಂಡು. ನಾವು ತಡ ಮಾಡಿದರೆ ಮೋಡೆಮ್ ಬಫರ್ ತುಂಬಿ ಟಿಸಿಪಿ ವಿಂಡೋ (ಇನ್ನೆಷ್ಟು ಕಳಿಸಬಹುದು ಎಂದು ಸರ್ವರ್‌ಗೆ ಹೇಳುವ ಲೆಕ್ಕ) ಕುಗ್ಗುತ್ತದೆ, ಸರ್ವರ್ ತಾನೇ ನಿಧಾನಿಸುತ್ತದೆ. ಯುಡಿಪಿಗೆ ಈ ಸೌಲಭ್ಯವಿಲ್ಲ. ಡೇಟಾ ಬಂದಿದೆ ಎಂಬ ಸೂಚನೆ ಒಂದೇ ಸಲ ಬರುತ್ತದೆ. ಬಫರ್ ಪೂರ್ತಿ ಖಾಲಿಯಾಗುವವರೆಗೆ ಮತ್ತೆ ಬರುವುದಿಲ್ಲ. ಉತ್ತರದಲ್ಲಿ ಉದ್ದ 0 ಬರುವ ತನಕ ಓದದಿದ್ದರೆ ಡೌನ್‌ಲೋಡ್ ನಡುವೆಯೇ ನಿಂತುಬಿಡುತ್ತದೆ, ತಪ್ಪು ನೆಟ್‌ವರ್ಕ್ ತಲೆಗೆ ಬೀಳುತ್ತದೆ.

ಕಳಿಸುವಾಗ ಒಮ್ಮೆಗೆ 1460 ಬೈಟ್ ಮಿತಿ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸೊರಗಿದಾಗ ‘ಸೆಂಡ್ ಫೇಲ್’ ಬಂದರೆ ಮೋಡೆಮ್ ಬಫರ್ ತುಂಬಿದೆ ಎಂದರ್ಥ, ಸ್ವಲ್ಪ ಕಾಯಬೇಕು. ‘ಸೆಂಡ್ ಓಕೆ’ ಬಂತೆಂದು ರೆಕಾರ್ಡ್ ಅಳಿಸಬೇಡಿ, ಅದು ಮೋಡೆಮ್ ಬಫರಿಗೆ ಬಿತ್ತು ಎಂಬುದಷ್ಟೇ. ಎಟಿ+ಕ್ಯೂಐಸೆಂಡ್=0,0 ಕೇಳಿದರೆ ಮೂರು ಅಂಕಿ ಬರುತ್ತವೆ; ಮೂರನೆಯದು ಇನ್ನೂ ಅಕ್ನಾಲೆಜ್ ಆಗದ, ಅಂದರೆ ತಲುಪಿತು ಎಂಬ ಮರುಸೂಚನೆ ಬಾರದ, ಬೈಟ್‌ಗಳ ಲೆಕ್ಕ. ನಾನು ಅಳಿಸುವುದು ಸರ್ವರ್ ಪ್ರೋಗ್ರಾಮೇ ಉತ್ತರ ಕೊಟ್ಟ ಮೇಲೆ.

ಪರೀಕ್ಷೆಗೆ ನಾಲ್ಕು ಬೈಟ್‌ನ ಎಣಿಕೆ ಏರುತ್ತಾ ಹೋಗುವ 1 ಎಂಬಿ ಫೈಲ್ ಸರ್ವರ್‌ನಲ್ಲಿ ಇಟ್ಟಿದ್ದೇನೆ. ಸಿಆರ್‌ಸಿ (ಫೈಲ್‌ನ ತಾಳೆ ಸಂಖ್ಯೆ) ‘ತಪ್ಪಿದೆ’ ಎಂದಷ್ಟೇ ಹೇಳುತ್ತದೆ; ಈ ಎಣಿಕೆಯಾದರೆ ‘ಎಲ್ಲಿ ತಪ್ಪಿದೆ’ ಎಂದೂ ತೋರಿಸುತ್ತದೆ. ಒಂದೆರಡು ಬೈಟ್ ಮಾತ್ರ ಹೋಗಿದ್ದರೆ ಆರ್‌ಟಿಎಸ್ ಮಿತಿ ಇಳಿಸಿ. ನೂರಾರು ಹೋಗಿದ್ದರೆ ಫ್ಲ್ಯಾಶ್ ಅಳಿಸುವಾಗ ಹೋಗಿವೆ, ಅಂದರೆ ಆರ್‌ಟಿಎಸ್ ವೈರ್ ಕೆಲಸವನ್ನೇ ಮಾಡುತ್ತಿಲ್ಲ. 17, 19 ಬೆಲೆಯ ಬೈಟ್ ಮಾತ್ರ ಕಾಣೆಯಾಗಿದ್ದರೆ ಐಎಫ್‌ಸಿ ನೋಡಿ. ಲಾಗ್ ನಡುವೆ ‘ಆರ್‌ಡಿವೈ’ ಎಂಬ ಸಾಲು ಕಂಡರೆ ಬಫರ್ ಕಡೆ ತಿರುಗಿಯೂ ನೋಡಬೇಡಿ. ಮೋಡೆಮ್ ರೀಸೆಟ್ ಆಗಿದೆ, ಪವರ್ ಸಪ್ಲೈ ಪರೀಕ್ಷಿಸಿ.