ಅಂಗಳದ ಅಡಿಕೆಗೊಂದು ಮಳೆಗಂಟೆ

ಪ್ರೋಗ್ರಾಮ್ ಬರೆದು ದೀಪ, ಮೋಟರ್, ಸೆನ್ಸರ್‌ಗಳನ್ನು ಆಡಿಸಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು ಆರ್ಡುಯಿನೋ. ಅದು ಕೈಗೆ ಸಿಕ್ಕಿದ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲು ಮಾಡಿಸುವುದು ಟ್ರಾಫಿಕ್ ಸಿಗ್ನಲ್. ಕೆಂಪು, ಹಳದಿ, ಹಸಿರು ದೀಪಗಳು ಸರದಿಯಲ್ಲಿ ಉರಿಯುತ್ತವೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಪೀರಿಯಡ್ ಮುಗಿಯುತ್ತದೆ. ಕಾಸರಗೋಡಿನ ಒಳನಾಡಿನ ನಮ್ಮ ಊರಿನಲ್ಲಿ ಸಿಗ್ನಲ್ಲೇ ಇಲ್ಲ. ಬಸ್ಸು ಬರುವುದೇ ಅಪರೂಪ. ಮರುವಾರ ಆ ಸರ್ಕ್ಯೂಟು ಎಲ್ಲಿಗೆ ಹೋಯಿತೆಂದು ಒಬ್ಬರೂ ಕೇಳಲಿಲ್ಲ.

ಸಲಕರಣೆಗೆ ಕೇರಳದಲ್ಲಿ ಬಡತನವಿಲ್ಲ. 2018ರಲ್ಲಿ, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕ್ಲಬ್ಬುಗಳನ್ನು ಆರಂಭಿಸಿತು. 2022ರ ಕೊನೆಗೆ ರೊಬೋಟಿಕ್ಸ್ ಕಿಟ್‌ಗಳ ವಿತರಣೆ ಶುರುವಾಯಿತು. ಆರ್ಡುಯಿನೋ ಊನೋ, ತಂತಿ ಸಿಕ್ಕಿಸುವ ರಂಧ್ರಗಳ ಬ್ರೆಡ್‌ಬೋರ್ಡ್, ಪುಟ್ಟ ಸರ್ವೋ ಮೋಟರ್, ಬಜರ್, ಬೆಳಕಿನ ಸೆನ್ಸರ್ ಎಲ್ಲವೂ ಅದರಲ್ಲಿವೆ. ಇಲ್ಲದಿರುವುದು ಒಂದೇ, ಇದರಿಂದ ಏನು ಮಾಡಬೇಕೆಂಬ ಕಾರಣ. ಅದನ್ನು ಮಕ್ಕಳ ಮನೆಯಿಂದಲೇ ತರಿಸಬೇಕಾಯಿತು.

ನಮ್ಮದು ಕನ್ನಡ ಮಾಧ್ಯಮ. ಮನೆಗೆ ಹೋದರೆ ಒಬ್ಬರದು ತುಳು, ಒಬ್ಬರದು ಬ್ಯಾರಿ, ಇನ್ನೊಬ್ಬರದು ಮರಾಠಿ. ‘ಮನೆಯಲ್ಲಿ ಯಾರಿಗೆ ಯಾವ ಕೆಲಸ ಕಿರಿಕಿರಿ, ಕೇಳಿಕೊಂಡು ಬನ್ನಿ’ ಎಂದು ಕಳುಹಿಸಿದೆ. ತೋಟಕ್ಕೆ ಹಂದಿ ನುಗ್ಗುವುದು, ಟ್ಯಾಂಕಿ ತುಂಬಿ ಹರಿಯುವುದು, ಅಜ್ಜಿಗೆ ಮಾತ್ರೆಯ ಹೊತ್ತು ಮರೆಯುವುದು ಎಂದು ಪಟ್ಟಿ ಬೆಳೆಯಿತು. ಹೆಚ್ಚು ಮನೆಗಳಿಂದ ಬಂದದ್ದು ಅಂಗಳದ ಅಡಿಕೆ. ಹಣ್ಣಡಿಕೆ ಬಿಸಿಲಿನಲ್ಲಿ ಒಣಗಿ ಚಾಲಿ ಎಂಬ ಒಣ ಅಡಿಕೆಯಾಗಲು ಸುಮಾರು 40 ದಿನ ಬೇಕು. ನಡುವೆ ಅಕಾಲ ಮಳೆ ಬಂದು ನೆನೆದರೆ ಬೂಸರು ಹಿಡಿದು ಧಾರಣೆ ಇಳಿಯುತ್ತದೆ. ರಾತ್ರಿ ಮೊದಲ ಹನಿ ಬೀಳುವಾಗಲೇ ಮನೆಯವರನ್ನು ಎಬ್ಬಿಸುವ ಗಂಟೆ ಬೇಕು ಎಂದು ಒಂಬತ್ತನೆಯ ತರಗತಿಯ ಒಂದು ಗುಂಪು ಹೊರಟಿತು.

ಅಡಿಕೆ ಹಾಳೆಯ ತುಂಡಿಗೆ ಎರಡು ಬರಿಯ ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದಂತೆ ಪಕ್ಕಪಕ್ಕದಲ್ಲಿ ಸುತ್ತಿದರು. ನಡುವೆ ನೀರು ಬಿದ್ದರೆ ವಿದ್ಯುತ್ ಹರಿಯುತ್ತದೆ, ಬಜರ್ ಕೂಗುತ್ತದೆ. ನಳ್ಳಿ ನೀರಿಗೆ ಕೂಗಿತು. ನಿಜವಾದ ಮಳೆಗೆ ಸುಮ್ಮನಿತ್ತು, ಏಕೆಂದರೆ ಮಳೆನೀರಿನಲ್ಲಿ ಲವಣ ಕಡಿಮೆ, ಅದರ ಮೂಲಕ ವಿದ್ಯುತ್ ಸಲೀಸಾಗಿ ಹರಿಯುವುದಿಲ್ಲ. ಇದನ್ನು ನಾನು ಕಪ್ಪುಹಲಗೆಯಲ್ಲಿ ಬರೆದಿದ್ದರೆ ಪರೀಕ್ಷೆಯವರೆಗೂ ನೆನಪಿರುತ್ತಿರಲಿಲ್ಲ. ತಂತಿಯ ನಡುವೆ ಉಪ್ಪು ಸವರಿದ ಬಟ್ಟೆ ಇಟ್ಟರು. ಈಗ ಹನಿ ಮಳೆಗೂ ಕೂಗಿತು. ಜೊತೆಗೆ ಮಳೆಯಿಲ್ಲದ ರಾತ್ರಿಯಲ್ಲೂ ಕೂಗಿತು. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ಮೇಲಿಂದ ಇಬ್ಬನಿ ಬೇರೆ. ಗುಂಪಿನ ಒಬ್ಬ ಹುಡುಗನ ಮನೆಯವರೆಲ್ಲ ಎದ್ದು ಟಾರ್ಪಾಲು ಹಿಡಿದು ಅಂಗಳಕ್ಕಿಳಿದರೆ ಆಕಾಶದ ತುಂಬ ನಕ್ಷತ್ರ. ಮರುದಿನ ಆ ಹುಡುಗ ಶಾಲೆಗೆ ತಂದ ಬೈಗುಳ ಬಹಳ ಉಪಯೋಗಕ್ಕೆ ಬಂದಿತು.

ಪರಿಹಾರ ಹೊಳೆದದ್ದು ಗಣಿತದ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಗೆ. ‘ಟೀಚರ್, ಇಬ್ಬನಿ ಮೆಲ್ಲ ಬರುತ್ತದಲ್ಲ, ಮಳೆ ಫಕ್ಕನೆ ಬರುತ್ತದೆ’ ಎಂದಳು. ಆರ್ಡುಯಿನೋ ಆ ಒದ್ದೆಯನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಸಂಖ್ಯೆ ಎಷ್ಟಿದೆ ಎಂದು ನೋಡುವ ಬದಲು ಕಳೆದ ನಿಮಿಷಕ್ಕಿಂತ ಎಷ್ಟು ಏರಿತು ಎಂದು ನೋಡಿದರಾಯಿತು. ಹಳೆಯ ಓದನ್ನು ಎತ್ತಿಡಲು ಅವರಿಗೆ ಪ್ರೋಗ್ರಾಮಿನಲ್ಲಿ ವೇರಿಯಬಲ್, ಅಂದರೆ ಸಂಖ್ಯೆಯನ್ನು ನೆನಪಿಡುವ ಹೆಸರಿಟ್ಟ ಜಾಗ, ಬೇಕಾಯಿತು. ಬೇಕಾದ ಮೇಲೆ ಕಲಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಉಪ್ಪಿನ ಬಟ್ಟೆ ತೆಗೆದರು, ತಂತಿಗಳನ್ನು ಇನ್ನಷ್ಟು ಹತ್ತಿರ ಸುತ್ತಿದರು. ಸದಾ ಕರೆಂಟು ಹರಿದು ತಾಮ್ರ ಹಸಿರುಗಟ್ಟುತ್ತಿತ್ತು. ಓದುವ ಕ್ಷಣಕ್ಕೆ ಮಾತ್ರ ತಂತಿಗೆ ಕರೆಂಟು ಕೊಡುವ ಪಿನ್ ಚಾಲೂ ಮಾಡಿ ಅದನ್ನೂ ಹತೋಟಿಗೆ ತಂದರು. ಪೆಟ್ಟಿಗೆಯೂ ಹಾಳೆಯದೇ. ನೆನೆಸಿದರೆ ಹೇಳಿದಂತೆ ಬಾಗುತ್ತದೆ, ಒಣಗಿದರೆ ಬಿರುಸಾಗುತ್ತದೆ, ದುಡ್ಡು ಕೊಡಬೇಕಿಲ್ಲ.

ಇಷ್ಟರಲ್ಲಿ ನಾನು ಮಾಡಿದ್ದು ಕಡಿಮೆ. ಬೀರುವಿನ ಬೀಗ ತೆಗೆದಿಟ್ಟೆ. ಗೋಡೆಯ ಪ್ಲಗ್ಗಿನ ಕರೆಂಟು ಮುಟ್ಟುವಂತಿಲ್ಲ, ಬ್ಯಾಟರಿ ಮಾತ್ರ ಎಂಬ ನಿಯಮಕ್ಕೆ ವಿನಾಯಿತಿ ಕೊಡಲಿಲ್ಲ. ಬೆಸುಗೆ ಹಾಕುವಾಗ ಮಾತ್ರ ಪಕ್ಕದಲ್ಲೇ ನಿಂತೆ. ಅತಿ ಕಷ್ಟವಾದದ್ದು, ತಂತಿ ತಪ್ಪು ರಂಧ್ರದಲ್ಲಿರುವುದು ಕಾಣುತ್ತಿದ್ದರೂ ಕೈ ಕಟ್ಟಿ ಕೂರುವುದು. ಮೇಷ್ಟ್ರ ಚಾಳಿ ಅಷ್ಟು ಬೇಗ ಬಿಡುವುದಿಲ್ಲ.

ಮಕ್ಕಳ ತೊಡಗುವಿಕೆ ಎಂದು ತರಬೇತಿಗಳಲ್ಲಿ ಹೇಳುವುದು ಗಲಾಟೆಯ ರೂಪದಲ್ಲೇ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಕಲಿಕೆ ಮತ್ತು ಕಂಪ್ಯೂಟರ್ ಬಗ್ಗೆ ಚಿಂತಿಸಿದ ಸೀಮೋರ್ ಪ್ಯಾಪರ್ಟ್ ಪ್ರತಿಪಾದಿಸಿದಂತೆ, ಬೇರೆಯವರು ನೋಡಿ ಮುಟ್ಟಬಹುದಾದ ವಸ್ತುವನ್ನು ಕಟ್ಟುವಾಗ ಕಲಿಕೆ ಚೆನ್ನಾಗಿ ಆಗುತ್ತದೆ. ನಮ್ಮ ಮಟ್ಟಿಗೆ ಆ ‘ಬೇರೆಯವರು’ ಮನೆಯವರಾಗಿರುವುದು ಮುಖ್ಯ. ಶಾಲಾ ಮೇಳದ ತೀರ್ಪುಗಾರರು ಐದು ನಿಮಿಷ ನೋಡಿ ಅಂಕ ಹಾಕಿ ಹೋಗುತ್ತಾರೆ. ಅಜ್ಜನಾದರೆ ದಿನಾ ನೋಡಿ ದಿನಾ ದೂರುತ್ತಾರೆ. ಎಲ್ಲರೂ ಬದಲಾದರು ಎಂದೇನೂ ಅಲ್ಲ. ಗ್ರೇಸ್ ಅಂಕಕ್ಕಾಗಿ ಕ್ಲಬ್ಬಿಗೆ ಬಂದವರು ಹಾಜರಿ ಹಾಕಿ ಮೂಲೆಯಲ್ಲಿ ಕುಳಿತೇ ಇದ್ದಾರೆ.

ಗಂಟೆ ಕೊನೆಗೆ ಒಂದು ಮನೆಯ ಅಂಗಳಕ್ಕೆ ಏರಿತು. ಆ ಮನೆಯ ಅಜ್ಜ ಅದನ್ನು ತಿರುಗಿಸಿ ನೋಡಿ, ‘ಬಂದ ಮೇಲೆ ಕೂಗಿದರೆ ಏನು ಬಂತು ಮಕ್ಕಳೇ, ಬರುವ ಮೊದಲು ಕೂಗಲಿ’ ಎಂದರು. ಈಗ ಗುಂಪು ಗಾಳಿಯ ತೇವ ಅಳೆಯುವ ಸೆನ್ಸರ್‌ಗೆ ಚಂದಾ ಎತ್ತುತ್ತಿದೆ.